ಬೀದಿಯ ಹಬ್ಬಕ್ಕೆ ಯಾರ ಸಹಿ?

ಹಬ್ಬಕ್ಕೂ ಅರ್ಜಿ ಬರೆಯುವ ಕಾಲ ಬಂತಲ್ಲ ಎಂದು ನಮ್ಮ ಕೇರಿಯ ಗಂಡಸರು ಜಗಲಿಯಲ್ಲಿ ಕೂತು ಹಲುಬುವುದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ನಮಗೆ ಹೆಂಗಸರಿಗೆ ಯಾವ ಹಬ್ಬ ಅರ್ಜಿ ಇಲ್ಲದೆ ನಡೆದದ್ದುಂಟು? ತವರಿನ ಜಾತ್ರೆಗೆ ಹೋಗಲು ಅತ್ತೆಯವರಲ್ಲಿ ಒಂದು ಅರ್ಜಿ, ರಾತ್ರಿ ಆಟ ನೋಡಲು ಮಾವನವರಲ್ಲಿ ಒಂದು ಅರ್ಜಿ, ಖರ್ಚಿಗೆ ಯಜಮಾನರಲ್ಲಿ ಇನ್ನೊಂದು. ಕಾಗದದಲ್ಲಿ ಬರೆದು ಕೊಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಷರತ್ತುಗಳೂ ಇದ್ದವು: ಇಷ್ಟು ಹೊತ್ತಿಗೆ ಬರಬೇಕು, ಇಂಥವರ ಜತೆಗೆ ಹೋಗಬೇಕು, ಬೆಳಗ್ಗಿನ ತಿಂಡಿಗೆ ಅಕ್ಕಿ ನೆನೆಹಾಕಿಯೇ ಹೊರಡಬೇಕು!

ಆದರೆ ಈಗ ನಾನು ಬರೆಯ ಹೊರಟಿರುವುದು ನಿಜವಾದ ಅರ್ಜಿಯ ವಿಷಯ. ರಸ್ತೆಯಲ್ಲಿ ನಾಲ್ಕು ಮನೆಯವರು ಸೇರಿ ಒಂದು ದಿನ ಕಳೆಯಬೇಕಾದರೆ ಬೇಕಾಗುವ ಅನುಮತಿ. ಇದರಲ್ಲಿ ನಮಗೇನು ಕೆಲಸ, ಗಂಡಸರು ನೋಡಿಕೊಳ್ಳುತ್ತಾರೆ ಎಂದು ಪುಟ ತಿರುಗಿಸಬೇಡಿ.

ನನ್ನ ತವರು ಬಂಟ್ವಾಳ ತಾಲೂಕಿನಲ್ಲಿ, ಪೊಳಲಿಯ ಹತ್ತಿರ. ಪೊಳಲಿ ಜಾತ್ರೆ ಎಂದರೆ ಒಂದು ತಿಂಗಳ ಗದ್ದಲ. ಕೊನೆಗೆ ಐದು ದಿನದ ಚೆಂಡು. ದಾರಿಯುದ್ದಕ್ಕೂ ಬಚ್ಚಂಗಾಯಿ ರಾಶಿ. ಹಣ್ಣು ತರದೆ ಬರಿಗೈಯಲ್ಲಿ ಮನೆಗೆ ಬಂದವನನ್ನು ಜಾತ್ರೆಗೆ ಹೋದವನೆಂದು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕವಳಿದ್ದಾಗ ಇದೆಲ್ಲ ಮಳೆ ಬಂದ ಹಾಗೆ ತಾನಾಗಿಯೇ ಆಗುತ್ತದೆ ಎಂದು ತಿಳಿದಿದ್ದೆ. ಅಂಗಡಿಯ ಜಾಗಕ್ಕೆ ಏಲಂ ಉಂಟು, ಸುಂಕ ಉಂಟು, ಬಂದೋಬಸ್ತಿನ ಪೊಲೀಸರಿಗೆ ಕಾಗದ ಹೋಗಬೇಕು ಎಂಬುದೆಲ್ಲ ಗೊತ್ತಾದದ್ದು ಬಹಳ ಮೇಲೆ. ಗದ್ದೆಯ ಬಯಲಾಟ ಮಾತ್ರ ನಿಜಕ್ಕೂ ಸಲೀಸು. ಹರಕೆಯವರ ಮನೆಯ ಗದ್ದೆ ಕೊಯ್ಲಾಗಿ ಒಣಗಿದರೆ ಸಾಕು, ರಂಗಸ್ಥಳ ಎದ್ದಿತು. ಅಮ್ಮ ಒಂದು ಚಾಪೆ, ಒಂದು ಹೊದಿಕೆ, ಅವಲಕ್ಕಿಯ ಪೊಟ್ಟಣ ಹಿಡಿದುಕೊಂಡು ನಮ್ಮನ್ನು ಕರೆದೊಯ್ಯುತ್ತಿದ್ದಳು. ನಾವು ಅರ್ಧ ಆಟಕ್ಕೆ ನಿದ್ದೆ. ಮಹಿಷಾಸುರ ಬರುವಾಗ ಎಬ್ಬಿಸುತ್ತಿದ್ದಳು.

ಆಟ ಇಡೀ ರಾತ್ರಿ ನಡೆಯುತ್ತಿದ್ದುದಕ್ಕೆ ಬರೀ ಭಕ್ತಿ ಕಾರಣವಲ್ಲ. ನಡುರಾತ್ರಿ ಮುಗಿದರೆ ಮನೆಗೆ ಹೋಗುವುದು ಹೇಗೆ? ಬಸ್ಸಿಲ್ಲ, ದಾರಿದೀಪವಿಲ್ಲ. ಬೆಳಕು ಹರಿದ ಮೇಲೆ ಹೆಂಗಸರು ಮಕ್ಕಳು ಗುಂಪಾಗಿ ನಡೆದು ಬರಬಹುದಿತ್ತು. ಹೆಣ್ಣು ಮನೆಯ ಹೊರಗೆ ಇಡೀ ರಾತ್ರಿ ಕಳೆದರೂ ಯಾರೂ ಚಕಾರ ಎತ್ತದಿದ್ದ ಜಾಗ ಅದೊಂದೇ. ಕಟೀಲು ಮೇಳಗಳು 2022ರ ತಿರುಗಾಟದಲ್ಲಿ ಕಾಲಮಿತಿಗೆ ಬಂದಾಗ ನಮ್ಮ ಕಡೆ ದೊಡ್ಡ ವಾದವೇ ಎದ್ದಿತು. ಸಂಪ್ರದಾಯ ಹೋಯಿತೆಂದು ಕೆಲವರು, ಆರೋಗ್ಯಕ್ಕೆ ಒಳ್ಳೆಯದೆಂದು ಕೆಲವರು. ಅಮ್ಮನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಎರಡೂ ಸರಿ ಎನ್ನುತ್ತಿದ್ದಳು. ಮದುವೆಯಾಗಿ ಮೂಡುಬಿದಿರೆಗೆ ಬಂದ ಮೇಲೆ ನಾನು ಒಂದು ಆಟವನ್ನೂ ಮಂಗಳದವರೆಗೆ ನೋಡಿದವಳಲ್ಲ. ಬೆಳಗ್ಗೆ ಐದಕ್ಕೆ ಒಲೆ ಹಚ್ಚುವವಳಿಗೆ ಅದು ಆಗುವ ಮಾತೇ? ಸಂಜೆ ಶುರುವಾಗಿ ಹತ್ತೂವರೆಗೆ ಮುಗಿಯುವ ಆಟ ಬಂದ ಮೇಲೆ ಮೊದಲ ಸಲ ಕತೆಯ ಕೊನೆ ನೋಡಿದೆ.

ಈ ಹತ್ತು ಗಂಟೆ ಎಲ್ಲಿಂದ ಬಂತು? ಕೇಂದ್ರ ಸರಕಾರ 2000ದಲ್ಲಿ ಶಬ್ದಮಾಲಿನ್ಯದ ನಿಯಮಗಳನ್ನು ತಂದಿತು. ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಹಚ್ಚುವ ಹಾಗಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಹಚ್ಚುವ ಹಾಗೆಯೇ ಇಲ್ಲ. ಹಬ್ಬಹರಿದಿನಗಳಿಗೆಂದು ರಾಜ್ಯ ಸರಕಾರ ಬೇಕಾದರೆ ವರ್ಷದಲ್ಲಿ ಹದಿನೈದು ದಿನ ಮೀರದಂತೆ ನಡುರಾತ್ರಿ ಹನ್ನೆರಡರವರೆಗೆ ಸಡಿಲಿಕೆ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ಎತ್ತಿಹಿಡಿಯಿತು. ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂದು ಮಿತಿ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. 55 ಎಂದರೆ ಎಷ್ಟು? ನಾವಿಬ್ಬರು ಎದುರು ಬದುರು ಕೂತು ಸಾಧಾರಣವಾಗಿ ಮಾತಾಡಿದರೆ ಅಷ್ಟಕ್ಕೆ ತಲುಪುತ್ತದೆ. ನಮ್ಮ ಮಿಕ್ಸಿ ತೆಂಗಿನಕಾಯಿ ಅರೆಯುವಾಗ 80 ದಾಟುತ್ತದಂತೆ. ಪುಣ್ಯಕ್ಕೆ ಮಿಕ್ಸಿಗೆ ಪರವಾನಗಿ ಬೇಡ.

ಈ ನಿಯಮಗಳನ್ನು ಬಯ್ಯುವವರ ಮಧ್ಯೆ ನಾನಿಲ್ಲ. ಅದಕ್ಕೆ ಕಾರಣವುಂಟು.

2019ರಲ್ಲಿ ನಮ್ಮ ಕೇರಿಯ ಬಾಯಿಗೆ ಅಡ್ಡವಾಗಿ ಒಂದು ಸಂಘದವರು ವಾರ್ಷಿಕೋತ್ಸವದ ವೇದಿಕೆ ಹಾಕಿದ್ದರು. ರಸ್ತೆಗೆ ಅಡ್ಡ ಸ್ಟೇಜು, ಆಚೀಚೆ ಆಳೆತ್ತರದ ಸೌಂಡ್ ಬಾಕ್ಸು. ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಅತ್ತೆಗೆ ಉಸಿರು ಕಟ್ಟಲು ಶುರುವಾಯಿತು. ಆಟೋದವನು ಬಂದ, ಆದರೆ ವೇದಿಕೆಯ ಆಚೆ ನಿಂತ. ಒಳಗೆ ಬರುವುದಕ್ಕೆ ಒಂದು ಮೊಳ ಜಾಗವಿಲ್ಲ. ಇವರು ಓಡಿ ಹೋಗಿ ಸ್ವಲ್ಪ ನಿಲ್ಲಿಸಿ ಎಂದು ಕೂಗಿದರೆ, ಆ ಗದ್ದಲದಲ್ಲಿ ಕೇಳುವವರು ಯಾರು? ಯಾರೋ ಇವರನ್ನು ಕುಣಿಯಲು ಬಂದವರೆಂದು ಕೈ ಹಿಡಿದು ಎಳೆದರಂತೆ! ಕೊನೆಗೆ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಮಂದಿ ಹೊತ್ತುಕೊಂಡು, ವೇದಿಕೆಯ ಹಿಂದಿನ ಚರಂಡಿ ದಾಟಿಸಿ ಆಟೋಗೆ ಹತ್ತಿಸಿದೆವು. ಒಂದು ಕಾಲು ನನ್ನ ಕೈಯಲ್ಲಿತ್ತು. ಕುರ್ಚಿಯ ಕಾಲಿನ ಮಾತು ಹೇಳುತ್ತಿದ್ದೇನೆ. ಅತ್ತೆ ಉಳಿದರು. ಕೇರಿಯ ಕಡೇ ಮನೆಯ ನಿವೃತ್ತ ಮೇಷ್ಟ್ರು ಅದೇ ರಾತ್ರಿ ಪೊಲೀಸರಿಗೆ ಫೋನು ಮಾಡಿದರು. ಅದಕ್ಕಾಗಿ ಮರುದಿನ ಅವರ ಗೇಟಿನ ಮುಂದೆ ನಿಂತು ಹುಡುಗರು ಆಡಬಾರದ ಮಾತು ಆಡಿದರು. ಅಂದಿನಿಂದ ಮೇಷ್ಟ್ರು ಕೇರಿಯ ಯಾವ ಕಾರ್ಯಕ್ಕೂ ಬಂದವರಲ್ಲ.

ಹೀಗಿದ್ದರೂ 2025ರ ಆಟಿ ತಿಂಗಳಲ್ಲಿ ಕೇರಿಯಲ್ಲಿ ಒಂದು ಕೂಟ ಮಾಡುವ ಎಂದು ಮೊದಲು ಬಾಯಿಬಿಟ್ಟವರು ನಮ್ಮ ಅತ್ತೆಯೇ. ‘ಆಟಿಡೊಂಜಿ ದಿನ’ ಈಗ ಊರೂರಿನಲ್ಲಿ ಸಭಾಭವನಗಳಲ್ಲಿ ನಡೆಯುತ್ತದೆ. ಅತಿಥಿಗಳು, ಹಾರ, ಭಾಷಣ ಎಲ್ಲ ಮುಗಿದ ಮೇಲೆ ಊಟ. ಅತ್ತೆಗೆ ಹಾಲ್ ಬೇಡ. ಅಷ್ಟು ದೂರ ಹೋಗಲು ಆಗುವುದೂ ಇಲ್ಲ. “ನಾನು ಸತ್ತ ಮೇಲೆ ಬೊಜ್ಜಕ್ಕೆ ಎಲ್ಲರೂ ಬರ್ತಾರೆ. ಅದಕ್ಕಿಂತ ಮೊದಲು ಒಂದು ಸಲ ಎಲ್ಲರ ಮುಖ ನೋಡ್ಲಿಕ್ಕೆ ಆಗ್ಬೇಕಲ್ಲ” ಎಂದರು. ಇದಕ್ಕೆ ಎದುರು ಮಾತು ಉಂಟೇ?

ನಮ್ಮ ಕೇರಿಯಲ್ಲಿ ಹತ್ತೊಂಬತ್ತು ಮನೆ. ತುಳು, ಕೊಂಕಣಿ, ಬ್ಯಾರಿ ಎಲ್ಲ ಭಾಷೆಯವರಿದ್ದೇವೆ. ಜೈನರ ಮನೆ ಮೂರು, ಕ್ರಿಶ್ಚಿಯನ್ನರದು ಎರಡು. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ಟಿವಿ ಮುಂದೆ ಕೂತರೆ ಪಕ್ಕದ ಮನೆಯವಳಿಗೆ ಜ್ವರ ಬಂದದ್ದೂ ತಿಳಿಯುವುದಿಲ್ಲ. ರಸ್ತೆಗೆ ಟರ್ಪಾಲು ಕಟ್ಟಿ, ಮನೆಗೊಂದು ಬಗೆ ಅಡುಗೆ ಮಾಡಿ ತಂದು ಒಟ್ಟಿಗೆ ಉಣ್ಣುವುದು ಎಂದು ಮಾತಾಯಿತು. ಹೆಂಗಸರು ಅರ್ಧ ಗಂಟೆಯಲ್ಲಿ ಪಟ್ಟಿ ಮಾಡಿದೆವು. ಪತ್ರೊಡೆ, ತಜಂಕಿನ ಪಲ್ಯ, ಕಣಿಲೆ ಮತ್ತು ಹೆಸರುಕಾಳಿನ ಗಸಿ, ಹಲಸಿನ ಬೀಜದ ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ. ಜೈನರ ಮನೆಯವರಿಗೆ ಕಣಿಲೆ ಆಗದು; ಅವರಿಗೆ ಬೇರೆ ಪಾತ್ರೆ.

ಗಂಡಸರು ತಲೆಯಾಡಿಸಿದರು. ಆದರೆ ಅನುಮತಿಯ ಮಾತು ಬಂದಾಗ ಒಬ್ಬೊಬ್ಬರೇ ಎದ್ದು ಹೋದರು. ಅವರನ್ನೂ ಪೂರ್ತಿ ದೂರುವ ಹಾಗಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬಜಪೆಯಲ್ಲಿ ಒಂದು, ಬಂಟ್ವಾಳ ತಾಲೂಕಿನಲ್ಲಿ ಒಂದು ಕೊಲೆಯಾಗಿ ಜಿಲ್ಲೆಯೇ ನಡುಗಿತ್ತು. ನಿಷೇಧಾಜ್ಞೆ, ನಾಕಾಬಂದಿ ಎಲ್ಲ ಆಗಿತ್ತು. ಮಳೆಗಾಲ ಬಂದರೂ ಸಭೆ, ಮೈಕುಗಳ ಮೇಲಿನ ಕಣ್ಣು ಬಿಗಿಯಾಗಿಯೇ ಇತ್ತು. ಅರ್ಜಿಯಲ್ಲಿ ಸಂಘಟಕರು ಎಂದು ಯಾರ ಹೆಸರು ಇರುತ್ತದೋ, ಏನಾದರೂ ಹೆಚ್ಚುಕಮ್ಮಿ ಆದರೆ ಕೇಳುವುದು ಅವರನ್ನು. “ಇದ್ದಬದ್ದ ತಾಪತ್ರಯ ಸಾಲದೂಂತ ಇದೊಂದು ಯಾಕೆ?” ಎಂದರು ಒಬ್ಬರು. ಇನ್ನೊಬ್ಬರು, ಸಂಘದ ಲೆಟರ್‌ಹೆಡ್ ಇಲ್ಲದೆ ಅರ್ಜಿ ನಡೆಯುವುದಿಲ್ಲ, ಯಾವುದಾದರೂ ಸಂಘದ ಹೆಸರಿನಲ್ಲಿ ಮಾಡುವ ಎಂದರು. ಸಂಘ ಬಂದರೆ ಹಿಂದಿನಿಂದ ಬ್ಯಾನರು ಬರುತ್ತದೆ. ಬ್ಯಾನರಿನ ಹಿಂದೆ ಮೈಕು, ಮೈಕಿನ ಹಿಂದೆ ಮುಖಂಡರು. ಪತ್ರೊಡೆ ಬಡಿಸುವ ಹೊತ್ತಿಗೆ ಅದು ನಮ್ಮ ಕೂಟವಾಗಿ ಉಳಿದಿರುತ್ತದೆಯೇ?

ನನ್ನ ಅಣ್ಣನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿಯೂ ಕೇರಿಯವರು ರಸ್ತೆ ಮುಚ್ಚಿ ಊಟ ಮಾಡುವ ಪದ್ಧತಿಯುಂಟು, ಬ್ಲಾಕ್ ಪಾರ್ಟಿ ಎಂದು ಹೆಸರು. ಅಲ್ಲೂ ನಗರಸಭೆಯ ಅನುಮತಿ ಬೇಕು. ಆದರೆ ಹಲವು ಊರುಗಳಲ್ಲಿ ಆ ರಸ್ತೆಯ ಮನೆಗಳವರ ಸಹಿ ಸಂಗ್ರಹಿಸಿ ಅರ್ಜಿಯೊಡನೆ ಕೊಡಬೇಕಂತೆ. ಅವಳು ಫೋನಿನಲ್ಲಿ ಇದನ್ನು ಹೇಳಿದಾಗ, ಅಲ್ಲಾ, ಇದು ನಮಗೇಕೆ ಹೊಳೆಯಲಿಲ್ಲ ಅನ್ನಿಸಿತು. ನಮ್ಮಲ್ಲಿ ಮೇಲಿನವರ ಅಪ್ಪಣೆ ಸಿಕ್ಕಿದರೆ ಸಾಕು, ಪಕ್ಕದ ಮನೆಯವರನ್ನು ಕೇಳುವ ರೂಢಿಯೇ ಇಲ್ಲ. ಆ ರಾತ್ರಿ ವೇದಿಕೆ ಹಾಕಿದವರ ಹತ್ತಿರವೂ ಅನುಮತಿಯ ಕಾಗದ ಇತ್ತೋ ಏನೋ. ನಮ್ಮ ಮನೆಗೆ ಬಂದು ಒಂದು ಮಾತು ಕೇಳಿರಲಿಲ್ಲ.

ಮಗನ ನೋಟ್‌ಬುಕ್ಕಿನ ನಡುವಿನ ಎರಡು ಹಾಳೆ ತೆಗೆದುಕೊಂಡು ಮನೆಮನೆಗೆ ಹೋದೆ. ಹದಿನೆಂಟು ಮನೆಯ ಸಹಿ ಒಂದೇ ಸಂಜೆಗೆ ಆಯಿತು. ಹೆಚ್ಚಿನ ಕಡೆ ಹೆಂಗಸರೇ ಹಾಕಿದರು. ಇಬ್ಬರು ಮಾತ್ರ ‘ಅವರು ಬರಲಿ’ ಎಂದರು. ಅವರು ಬಂದ ಮೇಲೆ ಪುನಃ ಹೋದೆ. ಉಳಿದದ್ದು ಮೇಷ್ಟ್ರ ಮನೆ. ಗೇಟಿನಲ್ಲೇ ನಿಲ್ಲಿಸಿ ಕಾಗದ ಎರಡು ಸಲ ಓದಿದರು.

“ಇದರಲ್ಲಿ ಧ್ವನಿವರ್ಧಕ ಇಲ್ಲ ಅಂತ ಎಲ್ಲಿ ಬರೆದಿದ್ದೀರಿ?”

“ಹಾಕುವ ಯೋಚನೆಯೇ ಇಲ್ಲ ಮೇಷ್ಟ್ರೇ.”

“ಯೋಚನೆ ಬೇಡಮ್ಮ. ಬರೆಯಿರಿ.”

ಅವರದೇ ಪೆನ್ನಿನಲ್ಲಿ ಅಲ್ಲೇ ನಿಂತು ಬರೆದೆ: ಧ್ವನಿವರ್ಧಕ ಇರುವುದಿಲ್ಲ. ರಸ್ತೆಯ ಅರ್ಧ ಭಾಗ ವಾಹನಕ್ಕೆ ಬಿಟ್ಟಿರುತ್ತೇವೆ. ಸಂಜೆ ಐದಕ್ಕೆ ಟರ್ಪಾಲು ಬಿಚ್ಚುತ್ತೇವೆ. ಎರಡನೆಯದು ನನ್ನದೇ ಷರತ್ತು. ಕುರ್ಚಿಯ ನೆನಪು ಅಷ್ಟು ಬೇಗ ಹೋಗುವುದಿಲ್ಲ. ಮೇಷ್ಟ್ರು ಸಹಿ ಹಾಕಿದರು. ಕೆಳಗೆ ತಾರೀಕೂ ಬರೆದರು.

ಇನ್ನು ಸಂಘಟಕರ ಸಾಲು. ರಾತ್ರಿ ಊಟದ ಹೊತ್ತಿಗೆ ನನ್ನ ಹೆಸರೇ ಬರೆಯುತ್ತೇನೆ ಎಂದೆ. ಇವರು ತುತ್ತು ಕೈಯಲ್ಲೇ ಹಿಡಿದು ಕೂತರು. “ನಿಂಗೆ ಎಂತ ಮರ್ಲಾ ಮಾರಾಯ್ತಿ? ನಾಳೆ ಸ್ಟೇಷನ್‌ನಿಂದ ಕರೆದ್ರೆ ನೀನು ಹೋಗ್ತೀಯಾ?” ಎಂದರು. ಸಿಟ್ಟಿನ ಮಾತಲ್ಲ, ಹೆದರಿಕೆಯ ಮಾತು. ಹಾಗಾದರೆ ನೀವು ಹಾಕಿ ಎಂದರೆ ಅದಕ್ಕೂ ಉತ್ತರವಿಲ್ಲ. ಅತ್ತೆ ಒಳಗಿನ ಕೋಣೆಯಿಂದಲೇ, “ಅವಳು ಹಾಕಲಿ. ಕುರ್ಚಿ ಹೊರುವಾಗ ಹೆಂಗಸು ಗಂಡಸು ನೋಡ್ಲಿಲ್ಲಲ್ಲ” ಎಂದರು. ಮಾತು ಅಲ್ಲಿಗೆ ಮುಗಿಯಿತು. ಇವರೇ ಮರುದಿನ ಬೈಕಿನಲ್ಲಿ ಕೂರಿಸಿ ಕರೆದುಕೊಂಡು ಹೋದರು. ಆದರೆ ಹೊರಗೆ ನಿಂತರು.

ಕಚೇರಿಗಳ ಕತೆ ಉದ್ದ ಬೇಡ. ರಸ್ತೆ ಊರಿನ ಆಡಳಿತದ್ದು, ಆದ್ದರಿಂದ ಒಂದು ಕಾಗದ ಅಲ್ಲಿಗೆ. ಜನ ಸೇರುವುದು, ವಾಹನ ತಡೆಯುವುದು ಪೊಲೀಸರಿಗೆ ಸಂಬಂಧಿಸಿದ್ದು, ಇನ್ನೊಂದು ಅಲ್ಲಿಗೆ. ಮೂಡುಬಿದಿರೆ ಠಾಣೆ ಮಂಗಳೂರಿನ ಪೊಲೀಸ್ ಕಮಿಷನರರ ಕೈಕೆಳಗೆ ಬರುತ್ತದೆ, ಬಂಟ್ವಾಳ ಬೆಳ್ತಂಗಡಿಯವು ಜಿಲ್ಲೆಯ ಎಸ್.ಪಿ.ಯವರ ಕೈಕೆಳಗೆ ಎಂಬುದೂ ಆಗಲೇ ಗೊತ್ತಾಯಿತು. ಒಂದು ಮೇಜಿನ ಹಿಂದೆ ಕೂತಿದ್ದವರು “ಯಜಮಾನ್ರು ಬರ್ಲಿಲ್ವಾ?” ಎಂದು ಕೇಳಿದರು. ಬಂದಿದ್ದಾರೆ, ಬೈಕು ನೋಡಿಕೊಳ್ಳುತ್ತಿದ್ದಾರೆ ಎಂದೆ. ಹತ್ತೊಂಬತ್ತು ಸಹಿಯ ಹಾಳೆ ನೋಡಿ ಅವರ ಮುಖ ಬದಲಾಯಿತು. “ಇಂಥದ್ದು ಯಾರೂ ತರುವುದಿಲ್ಲಮ್ಮ” ಎಂದು ಮೇಲಿನವರಿಗೂ ತೋರಿಸಲು ಒಳಗೆ ಒಯ್ದರು. ಅನುಮತಿ ಸಿಕ್ಕಿತು, ನಮ್ಮದೇ ಮೂರು ಷರತ್ತು ಅದರಲ್ಲಿ ಪುನಃ ಟೈಪಾಗಿ ಬಂತು.

ಆಗಸ್ಟ್ 3, ಭಾನುವಾರ. ಆಟಿಯ ಮಳೆ ಹೇಗೆ ಬರಬೇಕೋ ಹಾಗೆಯೇ ಬಂತು. ಟರ್ಪಾಲಿನ ಹೊಟ್ಟೆ ತುಂಬಿ ಇಳಿಬಿದ್ದಾಗ ಹುಡುಗರು ಬಿದಿರಿನ ಕೋಲಿನಿಂದ ಎತ್ತಿ ನೀರು ಸುರಿಸುವುದೇ ಒಂದು ಆಟವಾಯಿತು. ಪತ್ರೊಡೆಯೇ ಏಳು ಮನೆಯಿಂದ ಬಂದಿತ್ತು, ಏಳಕ್ಕೂ ಏಳು ರುಚಿ. ಒಬ್ಬರದು ಹುಣಸೆ ಜಾಸ್ತಿ, ಇನ್ನೊಬ್ಬರದರಲ್ಲಿ ಬೆಲ್ಲ. ನನ್ನದಕ್ಕೆ ನಾನು ಅಕ್ಕಿಯ ಜತೆ ಒಂದು ಹಿಡಿ ಹೆಸರುಕಾಳು ನೆನೆಹಾಕಿ ಅರೆಯುತ್ತೇನೆ, ತುರಿಕೆ ಇಲ್ಲದಿರಲು ಹುಣಸೆಯಲ್ಲಿ ಮಾತ್ರ ಜಿಪುಣತನ ಮಾಡುವುದಿಲ್ಲ. ಬ್ಯಾರಿ ಮನೆಯ ಅಜ್ಜಿ ಅಕ್ಕಿರೊಟ್ಟಿ ಕಳಿಸಿ ತಾನು ಬರುವುದಿಲ್ಲ ಎಂದಿದ್ದವರು, ಮಕ್ಕಳು ಹೋಗಿ ಎಳೆದದ್ದಕ್ಕೆ ಬಂದು ಅತ್ತೆಯ ಪಕ್ಕದಲ್ಲಿ ಕೂತರು. ಚೆನ್ನೆಮಣೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೋಸಗಾರ್ತಿ ಎಂದು ಬೈದುಕೊಂಡರು.

ಮೈಕು ಇಲ್ಲದಿದ್ದುದರಿಂದ ಭಾಷಣ ಇಲ್ಲ. ಮಳೆಯ ಸದ್ದಿನಲ್ಲಿ ಮಾತು ಕೇಳಬೇಕಾದರೆ ಹತ್ತಿರ ಬಂದು ಕೂರಬೇಕು. ಮೂರು ಗಂಟೆಯ ಹೊತ್ತಿಗೆ ಮೇಷ್ಟ್ರು ಕೊಡೆ ಹಿಡಿದು ಬಂದರು. ರಸ್ತೆಯ ಅರ್ಧ ಬಿಟ್ಟಿದ್ದೇವೋ ಇಲ್ಲವೋ ನೋಡಲು ಬಂದದ್ದೆಂದೇ ನನ್ನ ಎಣಿಕೆ. ನೋಡಿದರು, ಕೊಡೆ ಮಡಚಿದರು, ಕೂತರು. ಅಂದು ಅವರ ಗೇಟಿನ ಮುಂದೆ ನಿಂತವರಲ್ಲಿ ಒಬ್ಬ ಹುಡುಗ, ಈಗ ಅವನಿಗೇ ಒಂದು ಮಗು, ಎಲೆ ಹಾಕಿ ಬಡಿಸಿದ. ಇಬ್ಬರೂ ಹಳೆಯ ಮಾತು ತೆಗೆಯಲಿಲ್ಲ. ಮೇಷ್ಟ್ರು ಎರಡನೇ ಸಲ ಗಸಿ ಕೇಳಿ ಹಾಕಿಸಿಕೊಂಡರು.

ಐದಕ್ಕೆ ಟರ್ಪಾಲು ಬಿಚ್ಚಿದೆವು. ಸ್ಟೇಷನ್‌ನಿಂದ ಯಾರೂ ಕರೆಯಲಿಲ್ಲ. ಬೀಟಿಗೆ ಬಂದಿದ್ದ ಒಬ್ಬರು ಬೈಕು ನಿಲ್ಲಿಸಿ ಕಾಗದ ನೋಡಿ ಹೋಗಿದ್ದರು, ಅಷ್ಟೆ. ಒಂದು ಪೊಟ್ಟಣ ಪತ್ರೊಡೆ ಕಟ್ಟಿಕೊಟ್ಟರೆ ಡ್ಯೂಟಿಯಲ್ಲಿದ್ದೇನೆ ಬೇಡ ಎಂದರು ಪಾಪ.

ಆಮೇಲೆ ಅಕ್ಟೋಬರಿನಲ್ಲಿ ಇನ್ನೊಂದು ಸುದ್ದಿ ಬಂತು. ರಸ್ತೆ, ಉದ್ಯಾನ, ಮೈದಾನಗಳಲ್ಲಿ ಹತ್ತಕ್ಕಿಂತ ಹೆಚ್ಚು ಜನ ಸೇರಿ ಸಂಘಸಂಸ್ಥೆಗಳು ಏನಾದರೂ ನಡೆಸಬೇಕಾದರೆ ಮೊದಲೇ ಅನುಮತಿ ಪಡೆಯಬೇಕೆಂದು 2025ರ ಅಕ್ಟೋಬರ್ 18ರಂದು ರಾಜ್ಯ ಸರಕಾರದ ಆದೇಶವಾಯಿತು. 28ಕ್ಕೆ ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಿಸಿದ್ದು ಎಂಬ ಜಗಳ ನನಗೆ ಬೇಡ. ಹತ್ತು ಜನ ಎಂಬ ಲೆಕ್ಕ ಮಾತ್ರ ನನ್ನನ್ನು ಕಾಡಿತು. ಬೆಳಗ್ಗೆ ಮೀನಿನವಳು ಬಂದಾಗ ನಮ್ಮ ಕೇರಿಯಲ್ಲಿ ಹತ್ತು ಜನ ಸೇರುತ್ತೇವೆ! ಸೌಂಡ್ ಬಾಕ್ಸಿಗೆ ಮಿತಿ ಹಾಕಲಿ, ರಸ್ತೆ ಅಡ್ಡಗಟ್ಟುವವರಿಗೆ ಮಿತಿ ಹಾಕಲಿ, ಹೊತ್ತಿಗೆ ಮಿತಿ ಹಾಕಲಿ. ನಾನೇ ಮೊದಲು ಒಪ್ಪುತ್ತೇನೆ. ತಲೆ ಎಣಿಸಲು ಹೊರಟರೆ, ಲೆಟರ್‌ಹೆಡ್ ಇದ್ದವರು ಹೇಗೂ ಅನುಮತಿ ತರುತ್ತಾರೆ. ಮನೆಯಲ್ಲಿ ಕೂರುವವರು ಅತ್ತೆ, ಅಜ್ಜಿಯಂಥವರು.

ನನ್ನ ಅಕ್ಕ ಬೆಳ್ತಂಗಡಿಯಲ್ಲಿದ್ದಾಳೆ. ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಪ್ರತಿವರ್ಷ ಅವಳ ಮನೆಯಲ್ಲೇ ನಮ್ಮ ಠಿಕಾಣಿ. ಅಷ್ಟು ದೊಡ್ಡ ಜನಸಾಗರವನ್ನು ನೋಡುವ ಊರಿನವಳು, ತನ್ನ ಕೇರಿಯ ಹನ್ನೆರಡು ಮನೆಯವರನ್ನು ಒಟ್ಟಿಗೆ ನೋಡಿಯೇ ಇಲ್ಲವಂತೆ. ಈ ಆಟಿಗೆ ಅವರಲ್ಲೂ ಮಾಡುವುದೆಂದು ನಮ್ಮ ಅರ್ಜಿಯ ಫೋಟೋ ಕಳಿಸಲು ಹೇಳಿದಳು. ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು.

“ಸಂಘಟಕರು ಅಂತ ಉಂಟಲ್ಲ, ಅಲ್ಲಿ ಭಾವನ ಹೆಸರು ಹಾಕಿದ್ರೆ ಆಗುದಿಲ್ವಾ?”

“ಆಗ್ತದೆ. ಭಾವ ಒಪ್ಪಿದ್ದಾರಾ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಸಹಿ ಇಂಗ್ಲಿಷಿನಲ್ಲೇ ಆಗಬೇಕಾ, ಕನ್ನಡದಲ್ಲಿ ಹಾಕಿದ್ರೂ ನಡೀತದಾ?” ಎಂದು ಕೇಳಿದಳು.

ನಾನು ಕನ್ನಡದಲ್ಲೇ ಹಾಕಿದ್ದು ಎಂದೆ.